ಚೊಂಬು ಬಿದ್ದ ಸದ್ದು

2008ರ ದೀಪಾವಳಿಯ ರಾತ್ರಿ ಅರಸೀಕೆರೆಯ ನಮ್ಮ ಬೀದಿಯಲ್ಲಿ ಸರಪಟಾಕಿ ಹಚ್ಚಿದಾಗ ಎದುರುಮನೆಯ ನಾಯಿ ಹೆದರಿ ಮಂಚದ ಕೆಳಗೆ ಸೇರಿಕೊಂಡಿತು. ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿಕೊಂಡಿತು. ಆರು ತಿಂಗಳ ನನ್ನ ಮಗಳು ಮಾತ್ರ ತೊಟ್ಟಿಲಲ್ಲಿ ಮಿಸುಕಾಡದೆ ನಿದ್ದೆ ಹೊಡೆಯುತ್ತಿದ್ದಳು. "ಎಂಥಾ ಗಟ್ಟಿ ಮಗೂರೀ ಇದು! ಹೆದರಿಕೆ ಅನ್ನೋದೇ ಇಲ್ಲ" ಎಂದು ಬಂದವರೆಲ್ಲ ಹೊಗಳಿದರು. ನಾನೂ ಬೀಗಿದೆ. ಆದರೆ ಆ ರಾತ್ರಿ ಯಾಕೋ ನನಗೇ ನಿದ್ದೆ ಬರಲಿಲ್ಲ.

ಮರುದಿನದಿಂದ ನನ್ನ ಗುಟ್ಟಿನ ಪರೀಕ್ಷೆಗಳು ಶುರುವಾದವು. ಕುಕ್ಕರ್ ಕೂಗಿದಾಗ ಓಡಿಬಂದು ಅವಳ ಮುಖ ನೋಡುವುದು, ಬೆನ್ನ ಹಿಂದೆ ನಿಂತು ತಟ್ಟೆ ಬಡಿಯುವುದು. ಒಮ್ಮೊಮ್ಮೆ ಅವಳು ತಿರುಗಿ ನೋಡಿಬಿಡುತ್ತಿದ್ದಳು! ಅಂದು ದೇವರಿಗೆ ತುಪ್ಪದ ದೀಪ. ಅವಳು ತಿರುಗಿದ್ದು ಸದ್ದಿಗಲ್ಲ, ಗೋಡೆಯ ಮೇಲಾಡಿದ ನನ್ನ ನೆರಳಿಗೋ ನೆಲದ ಅದುರಿಗೋ ಎಂದು ತಿಳಿದದ್ದು ಆಮೇಲೆ. ಮೊದಮೊದಲು ಎಲ್ಲ ಮಕ್ಕಳ ಹಾಗೆ 'ಊ, ಆ' ಎನ್ನುತ್ತಿದ್ದವಳು ಬರಬರುತ್ತಾ ಅದನ್ನೂ ಕಡಿಮೆ ಮಾಡಿದ್ದಳು.

"ನಿನ್ನ ಗಂಡಾನೂ ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು ಕಣೇ, ಸುಮ್ನಿರು" ಎಂದರು ಅತ್ತೆ. ಊರಿನ ಡಾಕ್ಟರೊಬ್ಬರು, "ಇಷ್ಟು ಚಿಕ್ಕ ಮಗುವಿಗೆ ಏನು ಪರೀಕ್ಷೆ? ಎರಡು ವರ್ಷ ತುಂಬಲಿ" ಎಂದು ಕಳಿಸಿದರು. ಕೊನೆಗೆ ಮನಸ್ಸು ತಡೆಯದೆ, 2009ರ ಜನವರಿಯಲ್ಲಿ ಮಗುವನ್ನು ಕಟ್ಟಿಕೊಂಡು ಮೈಸೂರಿನ ರೈಲು ಹತ್ತಿದೆವು.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಮ್ಮಂಥ ತಾಯಂದಿರದೇ ಒಂದು ಜಾತ್ರೆ. ಹೆಸರು ಬರೆದುಕೊಂಡವರು ಕೇಳಿದ ಪ್ರಶ್ನೆಗಳಲ್ಲಿ ಒಂದು, "ಸಂಬಂಧದಲ್ಲಿ ಮದುವೆಯೇ?" ಹೌದು, ನಾನು ಕೈಹಿಡಿದಿರುವುದು ಸೋದರತ್ತೆಯ ಮಗನನ್ನೇ. ಪಕ್ಕದಲ್ಲಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಣ್ಣನ ಮಗಳೇ ಸೊಸೆಯಾಗಬೇಕೆಂದು ಹಟ ಹಿಡಿದವರು ಅವರು. ಸೋದರ ಸಂಬಂಧ ಒಂದು ಕಾರಣವಾಗಬಹುದು, ಆದರೆ ಅದೇ ಕಾರಣವೆಂದು ಹೇಳಲಾಗದು ಎಂದು ಅಲ್ಲಿನವರು ಬಿಡಿಸಿ ಹೇಳಿದರೂ ಅತ್ತೆಯ ಕಿವಿಗೆ ಅದು ಬೀಳಲಿಲ್ಲ.

ಮಗುವನ್ನು ಮಲಗಿಸಿ, ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ 'ಬೇರಾ' ಎಂಬ ಪರೀಕ್ಷೆ ಮಾಡಿದರು. ಕಿವಿಗೆ ಬಿಟ್ಟ ಸದ್ದಿಗೆ ಶ್ರವಣ ನರ ಮತ್ತು ಮೆದುಳು ಓಗೊಡುತ್ತವೆಯೇ ಎಂದು ಅದು ತೋರಿಸುತ್ತದೆ. ನಾವು ಎದುರುಬದುರು ಕೂತು ಮಾತಾಡುವ ಸದ್ದು ಸುಮಾರು 60 ಡೆಸಿಬಲ್. ನನ್ನ ಮಗಳ ಎರಡು ಕಿವಿಗಳೂ 80 ದಾಟಿದ ಮೇಲಷ್ಟೇ ಎಚ್ಚರಗೊಳ್ಳುತ್ತಿದ್ದವು.

ಊರಿಗೆ ಬಂದ ಮೇಲೆ ನಾನು ಒಂದು ತಪ್ಪು ಮಾಡಿದೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಮಾತು ಬಿಟ್ಟೆ. ಕೇಳದ ಮಗುವಿಗೆ ಜೋಗುಳವೇಕೆ, ಚಂದಮಾಮನೇಕೆ? ಬಾಯಿ ಮುಚ್ಚಿಕೊಂಡು ಹಾಲು ಕುಡಿಸಿದೆ, ನೀರು ಹಾಕಿದೆ, ಮಲಗಿಸಿದೆ. ನನ್ನನ್ನು ನೋಡಿ ಮನೆಯವರೂ ಹಾಗೇ ಆದರು. ಅವಳ ಕಿವಿ ಮುಚ್ಚಿತ್ತು, ನಾವು ಬಾಗಿಲನ್ನೂ ಮುಚ್ಚಿದೆವು.

ಮುಂದಿನ ಸಲ ಶ್ರವಣ ಯಂತ್ರ ಹಾಕಿಸಲು ಹೋದಾಗ, ತರಬೇತಿಯ ಹುಡುಗಿ ಇದನ್ನು ಒಂದೇ ನೋಟಕ್ಕೆ ಕಂಡುಹಿಡಿದಳು. "ಅಮ್ಮಾ, ಯಂತ್ರ ಸದ್ದನ್ನು ದೊಡ್ಡದು ಮಾಡುತ್ತೆ ಅಷ್ಟೆ. ಮನೆಯಲ್ಲಿ ಮಾತೇ ಇಲ್ಲದಿದ್ದರೆ ಅದು ಏನನ್ನು ದೊಡ್ಡದು ಮಾಡಬೇಕು?" ಎಂದಳು. ನನಗಿಂತ ಚಿಕ್ಕವಳು; ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಮೇಲಿನದು ನಿತ್ಯದ ಏಗಾಟ. ಯಂತ್ರ ಕಿತ್ತು ಬಾಯಿಗಿಡುತ್ತಾಳೆ. ಹಾಲು ಕುಡಿಸುವಾಗ ಕಿವಿ ನನ್ನ ತೋಳಿಗೆ ಒತ್ತಿದರೆ ಯಂತ್ರ ಕುಯ್ಯೆಂದು ಶಿಳ್ಳೆ ಹಾಕುತ್ತದೆ. ಕಿವಿ ಬೆಳೆದಂತೆಲ್ಲ ಅಚ್ಚು ಸಡಿಲವಾಗಿ ಮತ್ತೆ ಮೈಸೂರು. ಇದರ ನಡುವೆ ನನ್ನ ಬಾಯಿಗೆ ಬಿಡುವಿಲ್ಲ. "ನೋಡು, ಅಮ್ಮ ಕಾಯಿ ತುರೀತಾಳೆ. ಕಾಯಿ! ಬಿಳೀ ಕಾಯಿ!" ಎಂದು ಅವಳ ಹತ್ತಿರ ಕೂತು, ಮುಖಕ್ಕೆ ಮುಖ ಕೊಟ್ಟು ಇಡೀ ದಿನ ಒದರುವುದೇ. ಸೊಸೆಗೆ ತಲೆ ಕೆಟ್ಟಿದೆ ಎಂದು ಬೀದಿಯವರು ಆಡಿಕೊಂಡಿದ್ದರೂ ಅಚ್ಚರಿಯಿಲ್ಲ.

ಒಂದು ಬೆಳಿಗ್ಗೆ ಅತ್ತೆಯ ಕೈಜಾರಿ ಹಿತ್ತಾಳೆ ಚೊಂಬು ಅಡುಗೆಮನೆಯ ಕಲ್ಲಿನ ಮೇಲೆ ಬಿತ್ತು. ಹಜಾರದಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದ ಮಗಳು ಬೆಚ್ಚಿಬಿದ್ದು ಹೋ ಎಂದು ಅತ್ತಳು. ನಾನು ನಗತೊಡಗಿದೆ. "ಮಗು ಅಳ್ತಿದ್ರೆ ನಗ್ತೀಯಲ್ಲೇ!" ಎಂದು ಬಂದ ಅತ್ತೆ ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ, ಚೊಂಬನ್ನೆತ್ತಿ, ಬೇಕೆಂದೇ ಇನ್ನೊಮ್ಮೆ ಬೀಳಿಸಿದರು. ಮಗಳು ಇನ್ನೂ ಜೋರಾಗಿ ಅತ್ತಳು. ಅತ್ತೆ ಅಲ್ಲೇ ಕುಸಿದು ಕೂತು ಅತ್ತರು. ಆ ಚೊಂಬಿನ ತಗ್ಗು ಇವತ್ತಿಗೂ ಹಾಗೇ ಇದೆ, ತಿದ್ದಿಸಿಲ್ಲ.

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ. ತಿಳಿದವರು ಹೇಳುವ ಲೆಕ್ಕ ಇದು. ನಾನು ತಡವಾದವಳು. ನೀವು ಆಗಬೇಡಿ. ಕೆಲವು ಮಕ್ಕಳಿಗೆ ಯಂತ್ರ ಸಾಲದೆ ಕಾಕ್ಲಿಯರ್ ಇಂಪ್ಲಾಂಟ್ ಬೇಕಾಗುತ್ತದೆ, ಕೆಲವರು ಸನ್ನೆ ಭಾಷೆಯಲ್ಲಿ ಚೆಂದವಾಗಿ ಬೆಳೆಯುತ್ತಾರೆ. ದಾರಿ ಯಾವುದಾದರೂ ಸರಿ, ಮಗುವಿನೊಂದಿಗೆ ಮಾತು ನಿಲ್ಲಬಾರದು.

ಮಗಳೀಗ ಕಾಲೇಜಿನವಳು. 'ಸ' ಇನ್ನೂ ಸ್ವಲ್ಪ ತೊದಲುತ್ತದೆ. ದೀಪಾವಳಿಯ ರಾತ್ರಿ ಬೀದಿಯಲ್ಲಿ ಗದ್ದಲ ಹೆಚ್ಚಾದರೆ ಎರಡೂ ಯಂತ್ರ ಕಳಚಿ ನನ್ನ ಕೈಗಿತ್ತು, "ನೀವೆಲ್ಲ ಕೇಳಿಸ್ಕೊಳ್ಳಿ, ನಾನು ಮಲಗ್ತೀನಮ್ಮಾ" ಎನ್ನುತ್ತಾಳೆ.