ಬೇಡವಾದ ಗಿಡ

ಮೈಸೂರಿನಲ್ಲಿ ಬಾಡಿಗೆಯ ಮನೆ ಖಾಲಿ ಮಾಡುವವರು ಪಾತ್ರೆ ಪಡಗ, ಹಾಸಿಗೆ, ಕಪಾಟುಗಳನ್ನೆಲ್ಲ ಲಾರಿಗೆ ಏರಿಸಿದ ಮೇಲೆ ಹೂವಿನ ಕುಂಡಗಳ ಮುಂದೆ ಬಂದು ನಿಲ್ಲುತ್ತಾರೆ. ಲಾರಿಯಲ್ಲಿ ಸ್ಥಳವಿರುವುದಿಲ್ಲ, ಹೋಗುವ ಮನೆಗೆ ಅಂಗಳವಿರುವುದಿಲ್ಲ. ಕುಂಡಗಳು ಕಾಂಪೌಂಡಿನ ಮೂಲೆಯಲ್ಲಿಯೇ ಉಳಿಯುತ್ತವೆ. ವನಸ್ಪತಿಯೂ ಏಕೇಂದ್ರಿಯ ಜೀವವೆಂದು ಮಕ್ಕಳಿಗೆ ಕಲಿಸುವ ಮನೆಗಳವರೂ ಇದಕ್ಕೆ ಹೊರತಲ್ಲ.

ಹೀಗೆ ಉಳಿದ ಕುಂಡಗಳನ್ನು ಮನೆಗೆ ತರುವ ಶ್ರಾವಿಕೆಯೊಬ್ಬರು ಆ ಊರಿನಲ್ಲಿದ್ದಾರೆ, ನಿವೃತ್ತ ಶಿಕ್ಷಕಿ. 2018ರ ಬೇಸಗೆಯಲ್ಲಿ ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅವರು ಒಂದು ಮನೆಯ ತೋಟವನ್ನು ನೋಡಿದರು. ಅಲ್ಲಿ ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ವ್ಯವಸ್ಥೆಯಿದೆ. ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ದಾದಿಯರ ನೆರವಿಗಾಗಿ 1927ರಲ್ಲಿ ತೋಟದ ಒಡೆಯರು ತಮ್ಮ ಬಾಗಿಲುಗಳನ್ನು ಸಾರ್ವಜನಿಕರಿಗೆ ತೆರೆದರು. ತಲೆಗೆ ಒಂದು ಷಿಲಿಂಗ್ ಪ್ರವೇಶಧನ. ಮೊದಲ ವರ್ಷವೇ 609 ತೋಟಗಳಿಂದ 8,191 ಪೌಂಡು ಕೂಡಿತು. ಆದರೆ ಈ ಶಿಕ್ಷಕಿಯ ಮನಸ್ಸನ್ನು ಹಿಡಿದದ್ದು ತೋಟವಲ್ಲ, ಬಾಗಿಲ ಬಳಿಯ ಒಂದು ಮೇಜು. ತೋಟದಲ್ಲಿ ಹೆಚ್ಚಾದ ಸಸಿಗಳನ್ನೂ ಬುಡ ಬೇರ್ಪಡಿಸಿದ ಗಿಡಗಳನ್ನೂ ಅದರ ಮೇಲೆ ಇರಿಸಿ, ಪಕ್ಕದಲ್ಲಿ ಒಂದು ಡಬ್ಬಿಯನ್ನಿಟ್ಟಿದ್ದರು. ಕಾವಲಿಗೆ ಯಾರೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಅವರ ಹಿತ್ತಲು ಒಂದು ಬಗೆಯ ಆರೋಗ್ಯಶಾಲೆಯಾಯಿತು. ಬಂದ ಗಿಡಗಳಲ್ಲಿ ಬಹುಪಾಲು ಒಣಗಿ ಸತ್ತವಲ್ಲ, ಅತಿಯಾದ ನೀರಿನಿಂದ ಸೊರಗಿದವು ಎಂಬುದು ಅವರಿಗೆ ಬೇಗ ತಿಳಿಯಿತು. ಕುಂಡದ ತಳದ ತೂತು ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ಮನೆಯವರು ಅದನ್ನು ಬಾಯಾರಿಕೆಯೆಂದು ಬಗೆದು ಮತ್ತಷ್ಟು ನೀರೆರೆಯುತ್ತಾರೆ. ಇನ್ನು ಕೆಲವು ಗಿಡಗಳ ಬೇರು ಕುಂಡದ ಒಳಗೋಡೆಗೆ ಸುರುಳಿ ಸುತ್ತಿ, ಮಣ್ಣೇ ಇಲ್ಲದಂತಾಗಿರುತ್ತದೆ. ಅಂಥವನ್ನು ಮೆಲ್ಲನೆ ಬಿಡಿಸಿ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರಗಳ ಮಿಶ್ರಣದಲ್ಲಿ ನೆಟ್ಟು, ಹತ್ತು ದಿನ ನೆರಳಿನಲ್ಲಿಡುತ್ತಾರೆ. ಚಿಗುರು ಕಾಣುವವರೆಗೆ ಮತ್ತೆ ಗೊಬ್ಬರವಿಲ್ಲ. ನಿತ್ರಾಣನಿಗೆ ಮೃಷ್ಟಾನ್ನವನ್ನು ಬಡಿಸಬಾರದಷ್ಟೆ.

ಕಷ್ಟವಾದದ್ದು ದಾಸವಾಳದ ವಿಷಯ. ಅದರ ಕುಡಿಗಳಿಗೆ ಹಿಟ್ಟಿನಂತೆ ಬಿಳಿಯ ತಿಗಣೆ ಮುತ್ತುತ್ತದೆ. ಒಂದು ಏಕೇಂದ್ರಿಯವನ್ನು ಉಳಿಸಲು ನೂರಾರು ತ್ರಸಜೀವಿಗಳನ್ನು ಬೇವಿನೆಣ್ಣೆಯಿಂದ ಕೊಲ್ಲುವುದೆ? ಅವರಿಂದ ಅದು ಆಗಲಿಲ್ಲ. ಹುಳು ಹಿಡಿದ ಗಿಡವನ್ನು ತರುವುದೇ ಬೇಡವೆಂದು ನಿಯಮ ಮಾಡಿಕೊಂಡರು. ಇದರಿಂದ ಎಷ್ಟೋ ದಾಸವಾಳಗಳು ಕಾಂಪೌಂಡಿನ ಮೂಲೆಯಲ್ಲಿಯೇ ಒಣಗಿದವು. ಈ ನಿಯಮದಲ್ಲಿ ಪೂರ್ಣ ಸಮಾಧಾನವಿದೆಯೆಂದು ಹೇಳಲಾಗದು, ಅವರೂ ಹೇಳುವುದಿಲ್ಲ.

2019ರ ಮಹಾವೀರ ಜಯಂತಿಯಂದು ಬಸದಿಯ ಹೊರಾವರಣದಲ್ಲಿ ಮೇಜು ಹಾಕುವುದೆಂದೂ, ಬಂದ ಹಣ ಔಷಧದಾನದ ನಿಧಿಗೆಂದೂ ನಿಶ್ಚಯವಾಯಿತು. ಆಗ ಹಿರಿಯರಾದ ಪಂಡಿತರೊಬ್ಬರು ಎರಡು ಆಕ್ಷೇಪಗಳನ್ನೆತ್ತಿದರು. ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ 15 ಖರಕರ್ಮಗಳ ಸಾಲಿನಲ್ಲಿ ವನಜೀವಿಕೆಯೂ ಇದೆ. ಗಿಡ ಮಾರುವುದು ಅದರ ನೆರಳಲ್ಲವೆ ಎಂಬುದು ಮೊದಲನೆಯದು. ಇದು ಯಾರ ಜೀವನೋಪಾಯವೂ ಅಲ್ಲವಾದ್ದರಿಂದ, ಬೆಲೆ ಬರೆಯದೆ ಡಬ್ಬಿಯನ್ನು ಮಾತ್ರ ಇಡುವುದೆಂದು ಅದು ಬಗೆಹರಿಯಿತು.

ಎರಡನೆಯದು ಸುಲಭವಾಗಿರಲಿಲ್ಲ. “ದಾನವೆಂದರೆ ತನ್ನದನ್ನು ಪರಹಿತಕ್ಕಾಗಿ ಬಿಡುವುದು ತಾಯೀ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಮಾತಿದು. ಯಾರಿಗೂ ಬೇಡವಾದದ್ದನ್ನು ಕೊಟ್ಟರೆ ಬಿಟ್ಟದ್ದೇನು?”

ಆಕೆ ಆಗ ಉತ್ತರಿಸಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಹರಿದ ಸೀರೆ, ಹಳಸಿದ ಅನ್ನ, ಅವಧಿ ಮುಗಿದ ಮಾತ್ರೆಗಳನ್ನು ಕೊಟ್ಟು ದಾನಿಗಳೆನಿಸಿಕೊಳ್ಳುವವರು ಕಡಮೆಯಿಲ್ಲ. ಕುಂಡವನ್ನು ತೊರೆದು ಹೋದವರು ದಾನ ಮಾಡಿದವರಲ್ಲ ಎಂಬುದಂತೂ ಸ್ಪಷ್ಟ.

ಹಿತ್ತಲಿನಲ್ಲಿ ಒಂದು ಮಲ್ಲಿಗೆಯಿತ್ತು. ಬಂದಾಗ ಮೂರು ಒಣಕಡ್ಡಿ. ಕಾರ್ತಿಕ ಕಳೆದ ಮೇಲೆ ಅದನ್ನು ಸವರಿ, ಚಳಿಗಾಲವೆಲ್ಲ ಹಿತಮಿತವಾಗಿ ನೀರೆರೆದಿದ್ದರು. ಚೈತ್ರದಲ್ಲಿ ಅದು ಮೈತುಂಬ ಮೊಗ್ಗಾಯಿತು. ಪ್ರತಿದಿನ ಬೆಳಗ್ಗೆ ಬಾಗಿಲು ತೆರೆದೊಡನೆ ಅವರು ಮೊದಲು ನೋಡುತ್ತಿದ್ದುದು ಅದನ್ನೇ. ಜಯಂತಿಯ ದಿನ ಕುಂಡಗಳನ್ನು ಆಟೋದಲ್ಲಿ ಬಸದಿಗೆ ಸಾಗಿಸುವಾಗ ಮಲ್ಲಿಗೆಯ ಕುಂಡ ಮಾತ್ರ ಒಗೆಯುವ ಕಲ್ಲಿನ ಹಿಂದೆ ಸೇರಿತು.

ಪಂಡಿತರು ಮೇಜಿನ ಬಳಿ ಬಂದು ಕುಂಡಗಳನ್ನು ಒಂದೊಂದಾಗಿ ಎಣಿಸಿದರು. “ನಿನ್ನೆ 31 ಎಂದಿದ್ದಿರಿ. 30 ಇವೆಯಲ್ಲ?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಅದೇ ಆಟೋದಲ್ಲಿ ಮನೆಗೆ ಹೋಗಿ ಬಂದರು. ಮಧ್ಯಾಹ್ನದೊಳಗೆ ಮಲ್ಲಿಗೆ ಹೋಯಿತು. ಯಾರು ಒಯ್ದರೆಂದು ಅವರು ವಿಚಾರಿಸಲಿಲ್ಲ. ಎಷ್ಟು ನೀರು, ಎಷ್ಟು ಬಿಸಿಲು, ಯಾವ ತಿಂಗಳಲ್ಲಿ ಸವರಬೇಕು ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟಿದ್ದರು.