ಮುಳಬಾಗಿಲಿನಿಂದ ಜಿದ್ದಾದವರೆಗೆ

ಉಮ್ರಾಕ್ಕೆ ಹೊರಡುವ ಮುಳಬಾಗಿಲಿನವರಿಗೆ ಕೋಲಾರ, ಹೊಸಕೋಟೆ ಹಾದು ದೇವನಹಳ್ಳಿ ವಿಮಾನ ನಿಲ್ದಾಣ ನೂರು ಕಿ.ಮೀ.ನಷ್ಟು ದೂರ. ಶ್ರೀನಿವಾಸಪುರದವರಿಗೆ ಚಿಂತಾಮಣಿ ದಾರಿಯುಂಟು. ಮಾಲೂರಿನವರಿಗೆ ಇನ್ನೂ ಹತ್ತಿರ. ಅಲ್ಲಿಂದ ಜಿದ್ದಾ ನಾಲ್ಕು ಸಾವಿರ ಕಿ.ಮೀ.ಗೂ ಹೆಚ್ಚು. ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. 1995ರವರೆಗೆ ಮುಂಬೈಯಿಂದ ಹಡಗಿನಲ್ಲಿ ಹಜ್‌ಗೆ ಹೋದ ಹಿರಿಯರಿಗೆ ದಿನಗಟ್ಟಲೆ ಸಮುದ್ರವೇ ಮನೆಯಾಗಿತ್ತು! ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹೊರಟರೆ ಅಲ್ಲಿನ 11.30ಕ್ಕೆ ಇಳಿಯುತ್ತೀರಿ.

ಸಹೋದರಿಯರೇ, ಮೀಕಾತ್ ಆಕಾಶದಲ್ಲೇ ದಾಟಿಹೋಗುತ್ತದೆ. ಅದಕ್ಕೆ ಮೊದಲೇ ನಿಯ್ಯತ್, ತಲ್ಬಿಯಾ ಆಗಬೇಕು. ಗಂಡಸರಿಗೆ ಬಿಳಿ ಬಟ್ಟೆಯೇ ನೆನಪು ಕೊಡುತ್ತದೆ, ನಮ್ಮ ಹೆಂಗಸರಿಗೆ ಆ ಗುರುತೂ ಇಲ್ಲ. ಮುಟ್ಟಾಗಿದ್ದರೂ ನಿಯ್ಯತ್ ಬಿಡಬೇಡಿ. ತವಾಫ್ ಮಾತ್ರ ಶುದ್ಧಿಯ ನಂತರ. ಘೋಷಣೆಗೆ ಕಾಯದೆ, ಐದು ಗಂಟೆ ಕಳೆಯುವುದರೊಳಗೆ ಪಕ್ಕದವರನ್ನೂ ಎಬ್ಬಿಸಿ.