ಐರಣಿಯಿಂದ ತಂಗಿಗೆ

ಐರಣಿ, ರಾಣೆಬೆನ್ನೂರು ತಾಲ್ಲೂಕು



ದೊಡ್ಡಪ್ಪ ಆರಾಮಾಗಿದ್ದಾರೆ. ತುಂಗಭದ್ರೆ ತುಂಬಿ ಹರಿಯುತ್ತಿದ್ದಾಳೆ. ನಿನ್ನೆ ಹೊಳೆಮಠಕ್ಕೆ ಹೋಗಿ, ಹಾಳುಬಿದ್ದ ಕೋಟೆಯನ್ನೂ ನೋಡಿ ಬಂದೆ. ನಿನ್ನ ಮಗ ಚೆಸ್ಸಿನ ಗ್ರುನ್‌ಫೆಲ್ಡ್ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿ ಸೋತುಹೋಗಿದ್ದಾನೆ ಅಂದಿದ್ದೆಯಲ್ಲ, ಅದಕ್ಕೇ ಈ ಪತ್ರ.

ದೊಡ್ಡಪ್ಪ ಸಂಜೆ ಕಟ್ಟೆಯ ಮೇಲೆ ಆಡುವುದು ಹಳೇ ಪದ್ಧತಿಯ ಚದುರಂಗ. ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಶಹ ಬೀಳುವ ಮುಂಚೆ ರಾಜ ಒಮ್ಮೆ ಕುದುರೆಯಂತೆ ಜಿಗಿಯಬಹುದು. "ಅವಸರ ಯಾಕೋ ತಮ್ಮಾ, ಮೊದಲ ನಿನ್ನ ಮನಿ ಗಟ್ಟಿ ಮಾಡ್ಕೋ, ಆಮ್ಯಾಲೆ ಜಗಳ" ಅಂದರು. ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆಯನ್ನು ಕೂರಿಸಿದರು. ಅಲ್ಲಿಂದ ಅದರ ಕಣ್ಣು ಇಡೀ ಹಾಸಿನ ಮೇಲೆ ಓರೆಯಾಗಿ ಹಾಯುತ್ತದೆ.

1855ರಲ್ಲಿ ಕಲ್ಕತ್ತೆಯ ಮಹೇಶ್‌ಚಂದ್ರ ಬ್ಯಾನರ್ಜಿ ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಎದುರು ಆಡಿದ್ದೂ ಹೀಗೇ. ಮೊದಲು ಕುದುರೆ, ಆಮೇಲೆ ಅದೇ ಕಾಲಾಳು ಒಂದು ಮನೆ. ಮೂರನೇ ನಡೆಗೆ ಮಂತ್ರಿಯ ಮುಂದಿನ ಕಾಲಾಳಿನಿಂದ ನಡುಮನೆಗಳಿಗೆ ಪೆಟ್ಟು, ನಾಲ್ಕನೆಯದಕ್ಕೆ ಸಂದಿಗೆ ಒಂಟೆ. ಆ ಆಟ ಗೆದ್ದದ್ದು ಕಾಕ್ರೇನ್: ಮಂತ್ರಿಯನ್ನೇ ಬಲಿಕೊಟ್ಟು, ಸ್ವಂತ ಕಾಯಿಗಳ ನಡುವೆ ಸಿಕ್ಕಿಬಿದ್ದ ರಾಜನನ್ನು ಕುದುರೆಯಿಂದ ಮುಗಿಸಿದ. ಆದರೆ ಆರಂಭ ಸೋಲಲಿಲ್ಲ. 1922ರಲ್ಲಿ ವಿಯೆನ್ನಾದಲ್ಲಿ ಎರ್ನ್ಸ್ಟ್ ಗ್ರುನ್‌ಫೆಲ್ಡ್ ಇದೇ ದಾರಿ ಹಿಡಿದು ಅಲೆಖಿನ್‌ನಂಥ ಘಟಾನುಘಟಿ ಆಟಗಾರನನ್ನೇ ಸೋಲಿಸಿದ. ಇವತ್ತು ಪುಸ್ತಕಗಳಲ್ಲಿ ಅದಕ್ಕೆ ಗ್ರುನ್‌ಫೆಲ್ಡ್ ಹೆಸರು. ಆ ಜಾತಿಯ ರಕ್ಷಣೆಗಳಿಗೆಲ್ಲ 'ಇಂಡಿಯನ್' ಎಂಬ ಹೆಸರು ಉಳಿದಿದೆ.

ನಿನ್ನ ಮಗನಿಗೆ ಇದನ್ನೇ ಹೇಳು. ಎದುರಾಳಿ ನಡುಮನೆಗಳನ್ನು ತುಂಬಿಕೊಳ್ಳಲಿ, ದೂರದಿಂದ ಒಂಟೆ, ಕುದುರೆಗಳು ಅವನ್ನು ಕಾಡಲಿ ಎಂಬುದೇ ಇದರ ಹಿಂದಿನ ಲೆಕ್ಕ. ಕಾರಣ ತಿಳಿದ ನಡೆ ಪಂದ್ಯದ ಗಾಬರಿಯಲ್ಲೂ ಕೈಬಿಡುವುದಿಲ್ಲ. ಗೆಲುವಿಗೂ ಅವಸರ ಬೇಡ. ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ, ಮೂವತ್ತೈದು ದಾಟಿದ ಮೇಲೆ.

ದಸರಾ ರಜೆಗೆ ಅವನನ್ನು ಇಲ್ಲಿಗೆ ಕಳಿಸು. ಪುಸ್ತಕ ಮನೆಯಲ್ಲೇ ಇರಲಿ. ಒಂದು ವಾರ ಅಜ್ಜನ ಎದುರು ಕೂತು ಒಂದೊಂದೇ ಮನೆ ನಡೆಸಲಿ. ಅವನ ಗ್ರುನ್‌ಫೆಲ್ಡ್ ಅವನಿಗೇ ಅರ್ಥವಾಗುತ್ತದೆ.

ಇಂತಿ,
ನಿನ್ನ ಅಣ್ಣ